ಬೆಟ್ಟದ ಅಕ್ಕ, ಅಡಿವಾರದ ತಂಗಿ

ಮೈಸೂರಿನ ಪೂರ್ವಭಾಗದಲ್ಲಿ, ಲಲಿತಮಹಲಿಗೆ ಸಮೀಪದಲ್ಲಿರುವ ಸಿದ್ಧಾರ್ಥನಗರದಿಂದ ತೆಂಕಣಕ್ಕೆ ಕಣ್ಣು ಹಾಯಿಸಿದರೆ ಎದುರಾಗುವ ಚಾಮುಂಡಿಬೆಟ್ಟವು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮಿಕ್ಕಿ ಎತ್ತರವಿದ್ದು, ಹಗಲಿನಲ್ಲಿ ಗೋಪುರದಿಂದಲೂ ರಾತ್ರಿಯಲ್ಲಿ ದೀಪಗಳ ಸಾಲಿನಿಂದಲೂ ನಗರದ ಬಹುಪಾಲು ಬಡಾವಣೆಗಳಿಗೆ ತನ್ನ ಇರವನ್ನು ತಿಳಿಸುತ್ತಿರುತ್ತದೆ. ಪ್ರಾಚೀನ ಧರ್ಮಗಳ ದೇವತೆಗಳನ್ನು ಕುರಿತು ಅಧ್ಯಯನ ಮಾಡುವವರು ಸಾಮಾನ್ಯವಾಗಿ ವಸ್ತುಸಂಗ್ರಹಾಲಯಗಳಿಗೂ ಹಾಳುಬಿದ್ದ ಗುಡಿಗಳಿಗೂ ಹೋಗಬೇಕಾಗುತ್ತದೆ. ಬ್ಯಾಬಿಲೋನಿನ ಇಷ್ಟಾರ್ ದೇವಿಯ ಸಿಂಹಗಳು ಇಂದು ಬಣ್ಣದ ಇಟ್ಟಿಗೆಯ ಗೋಡೆಗಳಲ್ಲಿ ಮಾತ್ರ ಉಳಿದಿವೆ, ರೋಮನ್ನರು ಕ್ರಿ.ಪೂ. 204ರಲ್ಲಿ ಹ್ಯಾನಿಬಲ್‌ನೊಂದಿಗಿನ ಯುದ್ಧದ ಸಂಕಟದ ನಡುವೆ ಏಷ್ಯಾ ಮೈನರಿನಿಂದ ಒಂದು ಕಪ್ಪು ಶಿಲೆಯ ರೂಪದಲ್ಲಿ ತರಿಸಿಕೊಂಡ ಮಹಾಮಾತೆ ಸಿಬಿಲೆಗೆ ಈಗ ಒಬ್ಬ ಪೂಜಾರಿಯೂ ಇಲ್ಲ. ಮೈಸೂರಿನಲ್ಲಾದರೋ ಸಿಂಹವಾಹಿನಿಯಾದ ದೇವಿಗೆ ಇಂದಿನ ಬೆಳಗ್ಗೆಯೂ ಅಭಿಷೇಕವಾಗಿದೆ, ಮತ್ತು ಆಕೆಯ ಕಥೆಯನ್ನು ಹೇಳುವವರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಪುರಾಣವೊಂದು ಜೀವಂತವಾಗಿರುವುದೆಂದರೆ ಏನೆಂಬುದನ್ನು ಅರಿಯಲು ಈ ಒಮ್ಮತವಿಲ್ಲದಿರುವಿಕೆಯೇ ಒಳ್ಳೆಯ ದಾರಿ.

ಬೆಟ್ಟ ಮೊದಲಿನಿಂದಲೂ ದೇವಿಯದಾಗಿರಲಿಲ್ಲ. ಚಾಮುಂಡೇಶ್ವರಿ ಗುಡಿಯ ದಕ್ಷಿಣಕ್ಕೆ, ಯಾತ್ರಿಕರಲ್ಲಿ ಅನೇಕರು ನೋಡದೆಯೇ ಹಿಂದಿರುಗುವ ಮಹಾಬಲೇಶ್ವರ ದೇವಾಲಯವಿದೆ. ಬೆಟ್ಟದ ಮೇಲಿನ ಗುಡಿಗಳಲ್ಲಿ ಇದೇ ಹಳೆಯದು. ಗಂಗರ ಕಾಲದಿಂದಲೇ ಇಲ್ಲಿ ಶಾಸನಗಳಿದ್ದು, ಹೊಯ್ಸಳ ವಿಷ್ಣುವರ್ಧನನ ಕಾಲದ 1128ರ ದತ್ತಿ ಶಾಸನವು ಈ ಕ್ಷೇತ್ರವನ್ನು ಶಿವನ ತೀರ್ಥವಾಗಿಯೇ ಗುರುತಿಸುತ್ತದೆ. ಮಹಾಬಲಗಿರಿಯಾಗಿದ್ದ ಗುಡ್ಡವು ಚಾಮುಂಡಿಬೆಟ್ಟವಾಗಿ ಜನರ ಬಾಯಲ್ಲಿ ನೆಲೆಗೊಂಡದ್ದು ಒಡೆಯರ ಮನೆತನದ ಏಳಿಗೆಯೊಂದಿಗೆ. 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರು ಸಾವಿರ ಮೆಟ್ಟಿಲುಗಳನ್ನೂ ದಾರಿಯ ನಡುವಿನ ಏಕಶಿಲಾ ನಂದಿಯನ್ನೂ ಮಾಡಿಸಿದರೆ, ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಈಗ ಕಾಣುವ ಗೋಪುರವನ್ನು ಕಟ್ಟಿಸಿ, ಸಿಂಹವಾಹನವನ್ನೂ ಸಂಸ್ಕೃತ ಶ್ಲೋಕಗಳನ್ನು ಕೆತ್ತಿಸಿದ ನಕ್ಷತ್ರಮಾಲಿಕೆಯೆಂಬ ಚಿನ್ನದ ಆಭರಣವನ್ನೂ ದೇವಿಗೆ ಒಪ್ಪಿಸಿದರು. ಅವರ ಮತ್ತು ಅವರ ಮೂವರು ರಾಣಿಯರ ವಿಗ್ರಹಗಳು ಇಂದಿಗೂ ಗುಡಿಯ ಒಳಗೆ ಕೈಮುಗಿದು ನಿಂತಿವೆ. ಮೆಟ್ಟಿಲು ಹತ್ತುವ ಭಕ್ತರು ಪೂಜಿಸುವ ನಂದಿಯಾದರೋ ಶಿವನ ವಾಹನ. ದೇವಿಯ ಕಡೆಗೆ ಕರೆದೊಯ್ಯುವ ದಾರಿಯಲ್ಲಿ ಹಳೆಯ ಒಡೆಯನ ಗುರುತು ಹೀಗೆ ಉಳಿದುಬಂದಿದೆ.

ಇನ್ನು ದೇವಿಯ ಕಥೆ. ಅದರ ಗ್ರಂಥರೂಪವು ಮಾರ್ಕಂಡೇಯ ಪುರಾಣದ ಭಾಗವಾದ ದೇವೀಮಾಹಾತ್ಮ್ಯೆಯಲ್ಲಿದೆ. ಹದಿಮೂರು ಅಧ್ಯಾಯಗಳ ಈ ಕೃತಿಯನ್ನು, ಏಳುನೂರು ಮಂತ್ರಗಳಾಗಿ ಎಣಿಸುವುದರಿಂದ, ಸಪ್ತಶತಿಯೆಂದೂ ಕರೆಯುತ್ತಾರೆ. ಇದು ಸುಮಾರು 6ನೆಯ ಶತಮಾನದ ರಚನೆಯೆಂಬುದು ವಿದ್ವಾಂಸರಲ್ಲಿ ಅನೇಕರ ಅಭಿಪ್ರಾಯ. ಇದನ್ನು ಗಮನವಿಟ್ಟು ಓದಿದವರಿಗೆ ಮೈಸೂರಿನ ದೇವಿಯ ವಿಷಯದಲ್ಲಿ ಒಂದು ಸಂದೇಹ ಹುಟ್ಟದಿರದು. ದೇವತೆಗಳೆಲ್ಲರ ತೇಜಸ್ಸು ಒಂದುಗೂಡಿ ಮೈದಳೆದ ದೇವಿಯು ಕೋಣನ ರೂಪದ ಮಹಿಷಾಸುರನನ್ನು ಕೊಲ್ಲುವುದು ಮೂರನೆಯ ಅಧ್ಯಾಯದಲ್ಲಿ. ಚಾಮುಂಡಿಯೆಂಬ ಹೆಸರು ಬರುವುದಾದರೋ ಬಹಳ ಮುಂದೆ, ಏಳನೆಯ ಅಧ್ಯಾಯದಲ್ಲಿ: ಶುಂಭ ನಿಶುಂಭರೆಂಬ ಬೇರೆಯೇ ಅಸುರರೊಡನೆ ನಡೆಯುವ ಇನ್ನೊಂದು ಯುದ್ಧದಲ್ಲಿ, ದೇವಿಯ ಹಣೆಯಿಂದ ಹೊರಬಂದ ಕಾಳಿಯು ಚಂಡ ಮತ್ತು ಮುಂಡರ ತಲೆಗಳನ್ನು ತಂದೊಪ್ಪಿಸಿದಾಗ ಆಕೆಗೆ ಆ ಹೆಸರು ದೊರೆಯುತ್ತದೆ. ಎಂಟನೆಯ ಅಧ್ಯಾಯದಲ್ಲಿ, ನೆಲಕ್ಕೆ ಬಿದ್ದ ಒಂದೊಂದು ಹನಿ ನೆತ್ತರಿನಿಂದಲೂ ತನ್ನಂಥವನನ್ನೇ ಹುಟ್ಟಿಸುವ ರಕ್ತಬೀಜನ ರಕ್ತವನ್ನು ಕುಡಿದು ಮುಗಿಸುವವಳೂ ಇದೇ ಚಾಮುಂಡಿ. ಅಂದರೆ ಗ್ರಂಥದ ಪ್ರಕಾರ ಕೋಣನನ್ನು ಕೊಂದವಳು ಒಬ್ಬಳು, ಚಾಮುಂಡಿಯೆನಿಸಿಕೊಂಡವಳು ಇನ್ನೊಬ್ಬಳು.

ಶಿಲ್ಪದಲ್ಲಿಯೂ ಈ ಇಬ್ಬರು ಬೇರೆಬೇರೆಯೇ. ಐಹೊಳೆಯ ದುರ್ಗ ದೇವಾಲಯದ ಗೂಡಿನಲ್ಲಿ ಕೋಣನನ್ನು ಮೆಟ್ಟಿ ಇರಿಯುತ್ತಿರುವ ಮಹಿಷಮರ್ದಿನಿಯು ತುಂಬಿದ ಮೈಯ, ಪ್ರಸನ್ನ ಮುಖದ ಯುವತಿ. ಚಾಮುಂಡಿಯಾದರೋ ಕರ್ನಾಟಕದ ಹಳೆಯ ಗುಡಿಗಳಲ್ಲಿ ಸಪ್ತಮಾತೃಕೆಯರ, ಅಂದರೆ ಬ್ರಾಹ್ಮಿ, ಮಾಹೇಶ್ವರಿ ಮೊದಲಾದ ಏಳು ತಾಯಂದಿರ, ಸಾಲಿನ ಕೊನೆಯಲ್ಲಿ ಕೂರುವವಳು. ಎಲುಬುಗಳು ಎದ್ದು ಕಾಣುವ ಎದೆ, ಒಳಸೇರಿದ ಹೊಟ್ಟೆ, ರುಂಡಮಾಲೆ, ಕೆಲವೆಡೆ ಆಸನವಾಗಿ ಹೆಣ, ಇವು ಆಕೆಯ ಲಕ್ಷಣಗಳು. ಮೈಸೂರಿನ ಬೆಟ್ಟದ ಮೇಲೆ ಎಂಟು ಕೈಗಳಿಂದ ಕುಳಿತಿರುವ ಮೂರ್ತಿಯು ಹೆಸರಿನಿಂದ ಚಾಮುಂಡಿ, ಕಾರ್ಯದಿಂದ ಮಹಿಷಮರ್ದಿನಿ, ರೂಪದಿಂದ ಮಂಗಳದಾಯಿನಿಯಾದ ರಾಜಮಾತೆ. ಹಾಗಾದರೆ ರಕ್ತ ಕುಡಿದ ಆ ಉಗ್ರಳು ಎಲ್ಲಿ ಹೋದಳು?

ಆಕೆ ಬೆಟ್ಟವನ್ನಿಳಿದು ಹೋಗಿದ್ದಾಳೆ. ಬೆಟ್ಟದ ತೆಂಕಣ ಅಡಿವಾರದ ಉತ್ತನಹಳ್ಳಿಯಲ್ಲಿ ಜ್ವಾಲಾಮುಖಿ ತ್ರಿಪುರಸುಂದರಿಯೆಂಬ ಹೆಸರಿನಿಂದ ಪೂಜೆಗೊಳ್ಳುವ, ಸುತ್ತಲಿನ ಊರಿನವರು ಉತ್ತನಹಳ್ಳಿ ಮಾರಮ್ಮನೆಂದೇ ಕರೆಯುವ ದೇವಿಯು ಚಾಮುಂಡಿಯ ತಂಗಿ. ಜನಪದರ ನಿರೂಪಣೆಯಲ್ಲಿ ನೆತ್ತರಿನಿಂದ ಮತ್ತೆ ಮತ್ತೆ ಹುಟ್ಟುವ ವರ ಪಡೆದವನು ಬೇರೊಬ್ಬ ರಕ್ತಬೀಜನಲ್ಲ, ಮಹಿಷಾಸುರನೇ. ಹೋರಾಡಿ ದಣಿದ ಚಾಮುಂಡಿಯು ಮುಖದ ಬೆವರನ್ನು ಒರೆಸಿ ಎಸೆದಾಗ ಅದರಿಂದ ತಂಗಿ ಹುಟ್ಟಿದಳೆಂದೂ, ಆಕೆ ತನ್ನ ನಾಲಗೆಯನ್ನು ರಣಭೂಮಿಯ ಉದ್ದಗಲಕ್ಕೂ ಹಾಸಿದಳೆಂದೂ, ಅಕ್ಕನು ಆ ನಾಲಗೆಯ ಮೇಲೆಯೇ ನಿಂತು ಕಾದಾಡಿದ್ದರಿಂದ ಒಂದು ಹನಿಯೂ ನೆಲ ಮುಟ್ಟದೆ ಅಸುರನು ಮಡಿದನೆಂದೂ ಹೇಳುತ್ತಾರೆ. ಬೆಟ್ಟಕ್ಕೆ ಹರಕೆ ಹೊತ್ತು ಬಂದ ಹಳ್ಳಿಗರು ಹಿಂದಿರುಗುವಾಗ ಉತ್ತನಹಳ್ಳಿಗೂ ಹೋಗಿ ಬರುವ ರೂಢಿಯ ಹಿಂದಿರುವುದು ಈ ಕಥೆಯೇ. ಗ್ರಂಥದ ಎರಡು ಯುದ್ಧಗಳನ್ನು ಒಂದಾಗಿಸಿ, ಅದರ ಇಬ್ಬರು ದೇವಿಯರನ್ನು ಎರಡು ಊರುಗಳಲ್ಲಿ ನೆಲೆಗೊಳಿಸಿ, ಸೌಮ್ಯ ರೂಪವನ್ನು ಮೇಲೆಯೂ ಉಗ್ರ ರೂಪವನ್ನು ಕೆಳಗೂ ಇರಿಸಿದ ಈ ನಿರೂಪಣೆಯನ್ನು ಓದುಬರಹ ತಿಳಿಯದವರು ತಪ್ಪಾಗಿ ನೆನಪಿಟ್ಟುಕೊಂಡ ಸಪ್ತಶತಿಯೆಂದು ತಿಳಿಯುವುದು ದೊಡ್ಡ ಅನ್ಯಾಯ. ಇದರಲ್ಲಿ ಕಟ್ಟಿದವರ ಉದ್ದೇಶವಿದೆ, ನೆಲದ ಅರಿವಿದೆ.

ಕಥೆ ಅಲ್ಲಿಗೂ ಮುಗಿಯುವುದಿಲ್ಲ. ಮೈಸೂರು ಸೀಮೆಯ ವೃತ್ತಿಗಾಯಕರು ಹಾಡುವ ಪರಂಪರೆಯಲ್ಲಿ, ಮತ್ತು ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿದ ‘ಬೆಟ್ಟದ ಚಾಮುಂಡಿ’ಯಂಥ ಜನಪದ ಕಾವ್ಯದಲ್ಲಿ, ಅಸುರವಧೆಗಿಂತ ಹೆಚ್ಚಾಗಿ ಜನರ ಮನಸ್ಸನ್ನು ಹಿಡಿದಿರುವುದು ಚಾಮುಂಡಿಗೂ ನಂಜನಗೂಡಿನ ನಂಜುಂಡನಿಗೂ ಇರುವ ಪ್ರೇಮ. ಕಪಿಲೆಯ ದಡದ ನಂಜುಂಡೇಶ್ವರನು, ವಿಷವನ್ನು ಕಂಠದಲ್ಲಿ ಧರಿಸಿದ ಶ್ರೀಕಂಠನು, ಜನಪದರಿಗೆ ಬೆಟ್ಟದವಳ ನಲ್ಲ. ಪಾರ್ವತಿಯ ಸ್ಥಾನದಲ್ಲಿರುವ ಮಡದಿಗೂ ಚಾಮುಂಡಿಗೂ ನಡುವೆ ಸವತಿ ಮಾತ್ಸರ್ಯವುಂಟು, ಜಗಳವುಂಟು, ಮುನಿಸುಂಟು, ಕೊನೆಗೆ ರಾಜಿಯೂ ಉಂಟು. ಆಗಮದ ಪ್ರಕಾರ, ಅಂದರೆ ದೇವಾಲಯದ ಪೂಜೆ ಉತ್ಸವಗಳ ವಿಧಿಯನ್ನು ತಿಳಿಸುವ ಶಾಸ್ತ್ರದ ಪ್ರಕಾರ, ಇವೆರಡೂ ಬೇರೆಬೇರೆ ಕ್ಷೇತ್ರಗಳು. ಹಾಡಿನ ಪ್ರಕಾರ ಬೆಟ್ಟ, ಉತ್ತನಹಳ್ಳಿ, ನಂಜನಗೂಡುಗಳು ಒಂದೇ ಸಂಸಾರದ ಮನೆಗಳು, ಮತ್ತು ಒಂದು ಊರಿನ ಒಕ್ಕಲು ಇನ್ನೊಂದರ ಜಾತ್ರೆಗೆ ಹೋಗುವುದು ನೆಂಟರ ಮನೆಗೆ ಹೋದ ಹಾಗೆ.

ಮೈಸೂರಿನಲ್ಲಿಯೇ 1929ರಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು ಕನ್ನಡ ಜಾನಪದವನ್ನು ವಿವೇಚಿಸುವಾಗ ದೇವಿಯರಲ್ಲಿ ಎರಡು ಬಗೆಯನ್ನು ಗುರುತಿಸಿದ್ದರು: ಗಂಡನ ಪಕ್ಕದಲ್ಲಿ ಕುಳಿತು ಸೌಭಾಗ್ಯ ಕೊಡುವ ಪತ್ನೀದೇವಿಯರು ಒಂದು ಬಗೆ, ಗಂಡನಿಲ್ಲದ, ಅಥವಾ ಗಂಡನಿಗೆ ಅಧೀನರಲ್ಲದ, ರೋಗವನ್ನು ತರುವ ಮತ್ತು ರೋಗವನ್ನು ನೀಗುವ ಎರಡೂ ಶಕ್ತಿಯುಳ್ಳ ಊರ ಅಮ್ಮಂದಿರು ಇನ್ನೊಂದು ಬಗೆ. ಈ ವಿಂಗಡಣೆಯನ್ನು ಮೈಸೂರಿನ ದೇವಿಗೆ ಹೊಂದಿಸಹೊರಟರೆ ಆಕೆ ಒಂದು ಕಡೆಗೂ ಪೂರ್ತಿಯಾಗಿ ನಿಲ್ಲುವುದಿಲ್ಲ. ಆಕೆಗೆ ನಲ್ಲನಿದ್ದಾನೆ, ಗುಡಿಯಲ್ಲಿ ಜೊತೆಗೆ ಕೂರುವ ಗಂಡನಿಲ್ಲ. ಅರಮನೆಯ ಕುಲದೇವತೆಯಾಗಿದ್ದೂ ಮಾರಮ್ಮನ ಒಡಹುಟ್ಟಿದವಳೆಂಬ ಸಂಬಂಧವನ್ನು ಆಕೆ ಬಿಟ್ಟುಕೊಟ್ಟಿಲ್ಲ.

ಪೂಜೆಯ ವಿಧಾನಗಳು ಕಥೆಗಿಂತ ನಿಧಾನವಾಗಿ ಬದಲಾಗುತ್ತವೆಯೆಂಬ ಮಾತಿದ್ದರೂ, ಇಲ್ಲಿ ಬದಲಾವಣೆಯ ಜಾಡು ಸ್ಪಷ್ಟವಾಗಿಯೇ ಇದೆ. ಮೈಸೂರು ದಸರೆಯ ಪೂರ್ವರೂಪವಾದ ವಿಜಯನಗರದ ಮಹಾನವಮಿಯನ್ನು 1520ರ ಸುಮಾರಿನಲ್ಲಿ ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹಬ್ಬದ ಮೊದಲ ದಿನ 24 ಕೋಣಗಳನ್ನೂ 150 ಕುರಿಗಳನ್ನೂ, ಕೊನೆಯ ದಿನ 250 ಕೋಣಗಳನ್ನೂ 4,500 ಕುರಿಗಳನ್ನೂ ಬಲಿ ಕೊಟ್ಟರೆಂದು ಬರೆದಿದ್ದಾನೆ. ಕೋಣನ ತಲೆಯನ್ನು ಕಡಿಯುವ ಕ್ರಿಯೆಯು ಮಹಿಷವಧೆಯನ್ನು ವರ್ಷವರ್ಷವೂ ಮತ್ತೆ ನಡೆಸಿ ತೋರಿಸುವುದಕ್ಕೆ ಸಮನಾಗಿತ್ತು. ಆದರೆ ಕೋಣಬಲಿಗೆ ಎಲ್ಲೆಡೆಯೂ ಒಂದೇ ಕಥೆಯ ಆಧಾರವಿರಲಿಲ್ಲ. ದಖ್ಖನಿನ ಮಾರಿಹಬ್ಬಗಳಲ್ಲಿ ಕೋಣನು ಅಸುರನಲ್ಲ, ಜಾತಿಯನ್ನು ಮರೆಮಾಚಿ ಮೇಲುಜಾತಿಯ ಹೆಣ್ಣನ್ನು ವರಿಸಿ ಆಕೆಯ ಕೋಪಕ್ಕೆ ತುತ್ತಾದ ಗಂಡ. ಜಾತಿಯ ಭಯವನ್ನೇ ಬೆನ್ನೆಲುಬಾಗಿ ಉಳ್ಳ ಈ ಕಥೆಯನ್ನು ಓದುವಾಗ, ಪುರಾಣವು ಸಮಾಜದ ಕ್ರೌರ್ಯವನ್ನೂ ಹೊತ್ತು ತರುತ್ತದೆಯೆಂಬುದನ್ನು ಮರೆಯಲಾಗದು.

ಕರ್ನಾಟಕದಲ್ಲಿ ಪ್ರಾಣಿಬಲಿಯನ್ನು ತಡೆಯುವ ಕಾನೂನು 1959ರಲ್ಲಿ ಬಂತು. ಬೆಟ್ಟದ ಗುಡಿಯಲ್ಲಿ ಅದಕ್ಕೆ ಬಹಳ ಹಿಂದೆಯೇ ಹೂವು, ಹಣ್ಣು, ತೆಂಗಿನಕಾಯಿಗಳು ಬಲಿಯ ಜಾಗವನ್ನು ತುಂಬಿದ್ದವು. ಆಯುಧಪೂಜೆಯ ದಿನ ಮೈಸೂರಿನ ಬೀದಿಬೀದಿಯಲ್ಲಿ ವಾಹನಗಳ ಮುಂದೆ ಬೂದುಗುಂಬಳವನ್ನು ಕೊರೆದು, ಒಳಗೆ ಕುಂಕುಮ ತುಂಬಿ, ನೆಲಕ್ಕೆ ಅಪ್ಪಳಿಸಿದಾಗ ಹೋಳುಗಳ ಬಿಳಿಯ ತಿರುಳಿನ ಮೇಲೆ ಹರಡುವ ಕೆಂಪಿನಲ್ಲಿ ಹಳೆಯ ಬಲಿಯ ನೆನಪು ಮರೆಯಾಗದೆ ಉಳಿದಿದೆ. ಇನ್ನೊಂದು ಬಗೆಯ ಸೇವೆಯು ಮೆಟ್ಟಿಲುಗಳ ಮೇಲೆ ನಡೆಯುತ್ತದೆ. ಹರಕೆ ಹೊತ್ತ ಹೆಂಗಸರು ಬುಡದ ಮೊದಲ ಮೆಟ್ಟಿಲಿನಿಂದ ಆರಂಭಿಸಿ, ಒಂದು ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು, ಪ್ರತಿಯೊಂದು ಮೆಟ್ಟಿಲಿಗೂ ಬಗ್ಗಿ ಬೆರಳಿನಿಂದ ಅರಿಶಿನ ಬಳಿದು ಅದರ ನಡುವೆ ಕುಂಕುಮವಿಟ್ಟು ಮೇಲೇರುತ್ತಾರೆ. ಆಷಾಢದ ಶುಕ್ರವಾರಗಳಂದು ಬಿಸಿಲೇರುವ ಹೊತ್ತಿಗೆ ಕಲ್ಲುಗಳ ಅಂಚು ಹಳದಿಗಟ್ಟಿ, ಬರಿಗಾಲಿನ ಅಂಗಾಲುಗಳಿಗೂ ಅದೇ ಬಣ್ಣ ಹತ್ತಿರುತ್ತದೆ. ಈ ಸೇವೆಯನ್ನು ಭಕ್ತರು ತಾವೇ ಮಾಡುತ್ತಾರೆ, ನಡುವೆ ಅರ್ಚಕರಿಲ್ಲ. ಮದುವೆ, ಗೃಹಪ್ರವೇಶಗಳಿಗೆ ಆಗದ ತಿಂಗಳೆಂದು ನಾಡೆಲ್ಲ ಬದಿಗಿಡುವ ಆಷಾಢವೇ ಇಲ್ಲಿ ದೇವಿಗೆ ಅತ್ಯಂತ ಪ್ರಿಯವಾದ ಮಾಸ. ಆಕೆಯ ಹುಟ್ಟುಹಬ್ಬವೆನಿಸಿದ ವರ್ಧಂತಿಯೂ ಆ ತಿಂಗಳ ಬಹುಳ ಸಪ್ತಮಿಯಂದೇ ಬರುತ್ತದೆ.

ಅರಮನೆಯ ಕಡೆಯಿಂದ ನೋಡಿದರೆ ದೇವಿಯ ಚರಿತ್ರೆಗೆ ಬೇರೊಂದು ಮುಖವಿದೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಅಲ್ಲಿ ನವರಾತ್ರಿಯನ್ನು ಆರಂಭಿಸಿದ್ದು, ಕುಗ್ಗುತ್ತಿದ್ದ ವಿಜಯನಗರದ ಅಧಿಕಾರಕ್ಕೆ ತಾವೇ ವಾರಸುದಾರರೆಂದು ಸಾರುವ ರಾಜಕೀಯ ಕಾರ್ಯವೂ ಆಗಿತ್ತು. ವಿಜಯದಶಮಿಯ ಜಂಬೂಸವಾರಿಯಲ್ಲಿ 750 ಕಿಲೋ ತೂಕದ ಅಂಬಾರಿಯಲ್ಲಿ ಕೂರುತ್ತಿದ್ದವರು ಮಹಾರಾಜರು. ರಾಜಧನ ರದ್ದಾದ 1970ರ ದಶಕದ ಆರಂಭದಲ್ಲಿ ಆ ಆಸನ ತೆರವಾದಾಗ, ಉತ್ಸವವು ನಾಡಹಬ್ಬವಾಗಿ ಸರ್ಕಾರದ ಕೈಗೆ ಬಂದು, ಅರಸರ ಜಾಗದಲ್ಲಿ ಚಾಮುಂಡೇಶ್ವರಿಯ ಉತ್ಸವಮೂರ್ತಿಯನ್ನು, ಅಂದರೆ ಗರ್ಭಗುಡಿಯಲ್ಲಿ ಅಚಲವಾಗಿರುವ ಮೂಲಮೂರ್ತಿಯ ಪರವಾಗಿ ಮೆರವಣಿಗೆಗೆ ಹೊರಡುವ ಲೋಹದ ವಿಗ್ರಹವನ್ನು, ಕೂರಿಸಲಾಯಿತು. ಪ್ರಜಾಪ್ರಭುತ್ವವು ದೇವಿಯನ್ನು ನೇಪಥ್ಯಕ್ಕೆ ಸರಿಸೀತೆಂದು ಎಣಿಸುವವರುಂಟು; ಮೈಸೂರಿನಲ್ಲಿ ನಡೆದದ್ದು ಅದಕ್ಕೆ ವಿರುದ್ಧವಾದದ್ದು.

ಈಚಿನ ವರ್ಷಗಳಲ್ಲಿ ಎದ್ದಿರುವ ಪ್ರಶ್ನೆಯು ದೇವಿಗಿಂತ ಹೆಚ್ಚಾಗಿ ಮಹಿಷನಿಗೆ ಸಂಬಂಧಿಸಿದ್ದು. ಬೆಟ್ಟದ ಮೇಲೆ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದ ಮಹಿಷಾಸುರನ ಬಣ್ಣದ ಪ್ರತಿಮೆಯಿದೆ. ಮಹಿಷನು ಅಸುರನಲ್ಲ, ಈ ನಾಡನ್ನು ಆಳಿದ ಬೌದ್ಧ ದೊರೆಯೆಂದು ನಂಬುವ ದಲಿತ ಮತ್ತು ಪ್ರಗತಿಪರ ಸಂಘಟನೆಗಳು ದಸರೆಗೆ ಮುಂಚೆ ಮಹಿಷ ದಸರಾ ಆಚರಿಸತೊಡಗಿದ ಮೇಲೆ, ಪರ ವಿರೋಧಗಳ ಕಾವು ಪ್ರತಿವರ್ಷವೂ ಏರುತ್ತಿದೆ. ಸಿಂಹಳದ ಪಾಲಿ ಗ್ರಂಥ ಮಹಾವಂಸದಲ್ಲಿ, ಅಶೋಕನ ಕಾಲದ ಮೂರನೆಯ ಬೌದ್ಧ ಸಂಗೀತಿಯ ತರುವಾಯ ಮಹಾದೇವನೆಂಬ ಥೇರನನ್ನು, ಅಂದರೆ ಹಿರಿಯ ಭಿಕ್ಷುವನ್ನು, ಮಹಿಷಮಂಡಲಕ್ಕೆ ಕಳುಹಿಸಿದ ಸಂಗತಿಯಿದೆ; ಅದು ಮೈಸೂರು ಸೀಮೆಯೆಂದು ಕೆಲವರೂ, ನರ್ಮದೆಯ ತೀರದ ಮಾಹಿಷ್ಮತಿಯೆಂದು ಕೆಲವರೂ ವಾದಿಸಿದ್ದಾರೆ. ಮಹಿಷನೆಂಬ ದೊರೆಯ ಹೆಸರು ಆ ಪ್ರಸಂಗದಲ್ಲಿಲ್ಲ. ಹಾಗೆಂದು ಈ ಆಚರಣೆಯನ್ನು ಚರಿತ್ರೆಯ ಅಜ್ಞಾನವೆಂದು ತಳ್ಳಿಹಾಕುವುದೂ ಸರಿಯಲ್ಲ, ಏಕೆಂದರೆ ಸೋತವನ ಕಡೆಯಿಂದ ಕಥೆ ಹೇಳುವುದು ಪುರಾಣ ಪರಂಪರೆಗೆ ಹೊಸದಲ್ಲ. ಕಾಳಿಕಾ ಪುರಾಣದಲ್ಲಿ ಮಹಿಷನು ತನ್ನ ಸಾವನ್ನು ಮೊದಲೇ ಕನಸಿನಲ್ಲಿ ಕಂಡು, ದೇವಿಯನ್ನು ಪ್ರಾರ್ಥಿಸಿ, ಯಜ್ಞಗಳಲ್ಲಿ ತನಗೂ ಪಾಲು ಬೇಕೆಂದೂ ಆಕೆಯ ಪಾದಗಳನ್ನು ಎಂದಿಗೂ ಅಗಲದಂತಾಗಬೇಕೆಂದೂ ಕೇಳುತ್ತಾನೆ. ಯಜ್ಞಭಾಗವು ದೇವತೆಗಳಿಗೆ ಆಗಲೇ ಹಂಚಿಹೋಗಿರುವುದರಿಂದ ಅದನ್ನು ಕೊಡಲಾಗದೆಂದು ಹೇಳಿದ ದೇವಿಯು, ತನ್ನ ಪೂಜೆ ನಡೆಯುವ ಕಡೆಯಲ್ಲೆಲ್ಲ ತನ್ನ ಪಾದದಡಿಯಲ್ಲಿರುವ ಅವನಿಗೂ ಪೂಜೆ ಸಲ್ಲುವುದೆಂಬ ಎರಡನೆಯ ವರವನ್ನು ಕೊಡುತ್ತಾಳೆ.