ಸ್ಪೆನ್ಸರನ ವ್ಯಕ್ತಿವಾದಕ್ಕೆ ಕಾಣದ ಬಲವಂತ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ವ್ಯಕ್ತಿವಾದವನ್ನು, ಎಂದರೆ ರಾಜಕೀಯದ ಸರಿತಪ್ಪುಗಳನ್ನೆಲ್ಲ ವ್ಯಕ್ತಿಯ ಸ್ವಾತಂತ್ರ್ಯವೊಂದರಿಂದಲೇ ಅಳೆಯಬೇಕೆಂಬ ನಿಲುವನ್ನು, ಹರ್ಬರ್ಟ್ ಸ್ಪೆನ್ಸರನಷ್ಟು (1820–1903) ಹಟದಿಂದ ಪ್ರತಿಪಾದಿಸಿದವರು ವಿರಳ. ರೈಲ್ವೆ ಎಂಜಿನಿಯರನಾಗಿ ದುಡಿಮೆ ಆರಂಭಿಸಿ, ಮುಂದೆ 'ದಿ ಎಕನಾಮಿಸ್ಟ್' ಪತ್ರಿಕೆಯ ಉಪಸಂಪಾದಕನಾದ ಈತ 1851ರ 'ಸೋಷಿಯಲ್ ಸ್ಟ್ಯಾಟಿಕ್ಸ್' ಗ್ರಂಥದಲ್ಲಿ ತನ್ನ ಇಡೀ ರಾಜಕೀಯ ಚಿಂತನೆಯನ್ನು 'ಸಮಾನ ಸ್ವಾತಂತ್ರ್ಯದ ನಿಯಮ'ದ ಮೇಲೆ ನಿಲ್ಲಿಸಿದ. ಇತರರಿಗಿರುವ ಅಷ್ಟೇ ಸ್ವಾತಂತ್ರ್ಯಕ್ಕೆ ಧಕ್ಕೆ ತಾರದ ತನಕ ಪ್ರತಿಯೊಬ್ಬನೂ ತನಗೆ ಬೇಕಾದುದನ್ನು ಮಾಡಬಹುದು ಎಂಬುದು ಆ ನಿಯಮ. ಹಾಗಾದರೆ ಪ್ರಭುತ್ವಕ್ಕೆ ಉಳಿಯುವ ಕೆಲಸವೆಂದರೆ ಹಲ್ಲೆ, ಕಳವು, ಹೊರಗಿನ ಆಕ್ರಮಣಗಳಿಂದ ಜನರನ್ನು ಕಾಪಾಡುವುದು ಮಾತ್ರ. ಸರ್ಕಾರಿ ಶಾಲೆ, ಊರಿನ ನೈರ್ಮಲ್ಯ, ಬಡವರ ಪೋಷಣೆ ಇವೆಲ್ಲವೂ ಒಬ್ಬನಿಂದ ಬಲವಂತವಾಗಿ ಕಿತ್ತುಕೊಂಡು ಇನ್ನೊಬ್ಬನಿಗೆ ಕೊಡುವ ಕ್ರಿಯೆಗಳೇ ಆಗುತ್ತವೆ.

1884ರಲ್ಲಿ ನಾಲ್ಕು ಪ್ರಬಂಧಗಳ ಸಂಕಲನವಾಗಿ ಬಂದ 'ದಿ ಮ್ಯಾನ್ ವರ್ಸಸ್ ದಿ ಸ್ಟೇಟ್' ಈ ವಾದದ ಅತ್ಯಂತ ಮೊನಚಾದ ರೂಪ. ಒಂದು ಕಾಲಕ್ಕೆ ನಿರ್ಬಂಧಗಳನ್ನು ಕಿತ್ತೊಗೆಯಲು ಹೋರಾಡಿದ ಲಿಬರಲ್ ಪಕ್ಷ ಈಗ ತಾನೇ ನಿರ್ಬಂಧಗಳನ್ನು ಹೇರುತ್ತಿದೆಯೆಂದೂ, ದೊರೆಗೆ ದೈವದತ್ತ ಅಧಿಕಾರವಿದೆಯೆಂಬ ಹಳೆಯ ಮೂಢನಂಬಿಕೆಯ ಜಾಗದಲ್ಲಿ ಪಾರ್ಲಿಮೆಂಟಿಗೆ ಅಂಥದೇ ಅಧಿಕಾರವಿದೆಯೆಂಬ ಹೊಸ ಮೂಢನಂಬಿಕೆ ಬಂದು ಕೂತಿದೆಯೆಂದೂ ಸ್ಪೆನ್ಸರ್ ಅದರಲ್ಲಿ ದೂರಿದ. ಈ ಎರಡನೆಯ ಮಾತನ್ನು ಅವನ ವಿರೋಧಿಗಳೂ ಸುಲಭವಾಗಿ ತಳ್ಳಿಹಾಕುವಂತಿಲ್ಲ. ಸಾಮ್ರಾಜ್ಯದ ಯುದ್ಧಗಳನ್ನೂ ಅವನು ಇದೇ ನೆಲೆಯಿಂದ ಖಂಡಿಸಿದನಾದ್ದರಿಂದಲೇ, ಶ್ಯಾಮ್‌ಜಿ ಕೃಷ್ಣವರ್ಮ 1905ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ 'ದಿ ಇಂಡಿಯನ್ ಸೋಷಿಯಾಲಜಿಸ್ಟ್' ಪತ್ರಿಕೆಯ ಶಿರೋಭಾಗದಲ್ಲಿ ಅವನ ಮಾತುಗಳು ಅಚ್ಚಾಗುತ್ತಿದ್ದವು.

ಡಾರ್ವಿನ್ನನದೆಂದು ಹಲವರು ತಿಳಿದಿರುವ 'ಯೋಗ್ಯತಮರ ಉಳಿವು' ಎಂಬ ನುಡಿಗಟ್ಟನ್ನು 1864ರಲ್ಲಿ ಟಂಕಿಸಿದವನೂ ಸ್ಪೆನ್ಸರನೇ. ಆದರೆ ಬಡವರು ಸಾಯಲಿ ಎಂದಷ್ಟೇ ಬೋಧಿಸಿದ ನಿರ್ದಯಿಯೆಂದು ಅವನನ್ನು ಚಿತ್ರಿಸುವ ಟೀಕೆ ಅಗ್ಗದ್ದು, ಏಕೆಂದರೆ ಖಾಸಗಿ ದಾನಧರ್ಮವನ್ನು ಅವನು ಒಪ್ಪುತ್ತಿದ್ದ. ಅವನ ಪ್ರಮೇಯಗಳನ್ನೇ ಹಿಡಿದು ಅವನನ್ನು ಕಟ್ಟಿಹಾಕಿದ ವಿಮರ್ಶೆಯ ತೂಕವೇ ಬೇರೆ.

ಅಂಥ ವಿಮರ್ಶಕರಲ್ಲಿ ಒಬ್ಬ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ, ಸ್ಪೆನ್ಸರನ ಆಪ್ತಮಿತ್ರ. ಸಮಾಜವೂ ಪ್ರಾಣಿದೇಹದಂತೆ ಬೆಳೆಯುವ ಜೀವಿಯೆಂಬುದು ಸ್ಪೆನ್ಸರನ ಪ್ರಸಿದ್ಧ ಸಿದ್ಧಾಂತವಾಗಿತ್ತು. ಹಾಗಿದ್ದರೆ ದೇಹದಲ್ಲಿ ಮಿದುಳು ಅಂಗಾಂಗಗಳನ್ನು ಆಳುವಂತೆ ಸಮಾಜದಲ್ಲಿ ಸರ್ಕಾರವೂ ಬಿಗಿಯಾಗಿ ಆಳಬೇಕಾದೀತಲ್ಲ ಎಂದು ಹಕ್ಸ್‌ಲಿ 1871ರಲ್ಲಿ ಕೇಳಿದ. ಜೀರ್ಣಕ್ರಿಯೆ, ರಕ್ತಪರಿಚಲನೆಗಳು ಮಿದುಳಿನ ಅಪ್ಪಣೆಗೆ ಕಾಯದೆ ನಡೆಯುವಂತೆ ವ್ಯಾಪಾರವೂ ನಡೆಯುತ್ತದೆ ಎಂದು ಸ್ಪೆನ್ಸರ್ ಉತ್ತರಿಸಿದ. ಉತ್ತರ ಜಾಣತನದ್ದು, ಆದರೆ ಉಪಮೆಯಲ್ಲಿ ತನಗೆ ಅನುಕೂಲವಾದ ಅಂಗವನ್ನಷ್ಟೇ ಆರಿಸಿಕೊಂಡಂತಾಯಿತು.

ಇದಕ್ಕಿಂತ ಆಳಕ್ಕೆ ಇಳಿಯುವುದು ಭೂಮಿಯ ಪ್ರಶ್ನೆ. ಎಲ್ಲರಿಗೂ ಸಮಾನ ಸ್ವಾತಂತ್ರ್ಯವಿರಬೇಕಾದರೆ ನೆಲದ ಬಳಕೆಯ ಹಕ್ಕೂ ಎಲ್ಲರಿಗೂ ಸಮಾನವಾಗಿರಬೇಕು, ಭೂಮಂಡಲವೆಲ್ಲ ಕೆಲವರ ಖಾಸಗಿ ಸ್ವತ್ತಾದರೆ ನೆಲವಿಲ್ಲದವರು ಒಡೆಯರ ಕೃಪೆಯಿಂದ ಮಾತ್ರ ಇಲ್ಲಿ ಕಾಲೂರಲು ಸಾಧ್ಯ ಎಂದು 'ಸೋಷಿಯಲ್ ಸ್ಟ್ಯಾಟಿಕ್ಸ್'ನ ಒಂದು ಅಧ್ಯಾಯದಲ್ಲಿ ಸ್ಪೆನ್ಸರನೇ ವಾದಿಸಿದ್ದ. ಭೂಮಿ ಸಮಾಜದ ಒಡೆತನದಲ್ಲಿದ್ದು, ಉಳುವವರು ಸಮಾಜಕ್ಕೆ ಗೇಣಿ ಕೊಡಬೇಕೆಂಬುದು ಅವನು ಅಂದು ತಲುಪಿದ ತೀರ್ಮಾನ. ಈ ಅಧ್ಯಾಯವನ್ನು ಎತ್ತಿ ಹಿಡಿದು ಭೂಸುಧಾರಣಾವಾದಿಗಳು ಮಾತನಾಡತೊಡಗಿದಾಗ ಸ್ಪೆನ್ಸರ್ ಹಿಂದೆ ಸರಿದ. 1892ರ ಪರಿಷ್ಕೃತ ಆವೃತ್ತಿಯಿಂದ ಅಧ್ಯಾಯವೇ ಮಾಯವಾಯಿತು. ಅದೇ ವರ್ಷ ಅಮೆರಿಕದ ಹೆನ್ರಿ ಜಾರ್ಜ್ 'ಎ ಪರ್ಪ್ಲೆಕ್ಸ್ಡ್ ಫಿಲಾಸಫರ್' ಎಂಬ ಇಡೀ ಪುಸ್ತಕವನ್ನೇ ಬರೆದು, ಜಮೀನ್ದಾರರ ಸಮಾಜಕ್ಕೆ ಅಂಜಿ ತತ್ತ್ವಜ್ಞಾನಿ ಸತ್ಯವನ್ನು ಕೈಬಿಟ್ಟನೆಂದು ಆರೋಪಿಸಿದ. ಅಂಜಿಕೆಯ ಆರೋಪ ಎಷ್ಟು ನ್ಯಾಯವೋ ಹೇಳುವುದು ಕಷ್ಟ. ಆದರೆ ತರ್ಕದ ಬಿರುಕು ಅಲ್ಲಿಗೆ ಮುಚ್ಚಲಿಲ್ಲ. ತೆರಿಗೆ ವಸೂಲಿಯಲ್ಲಿ ಬಲವಂತವನ್ನು ಕಂಡವನು, ಹೋಗಲು ಬೇರೆ ನೆಲವಿಲ್ಲದವನಿಂದ ಗೇಣಿ ವಸೂಲು ಮಾಡುವುದರಲ್ಲಿ ಬಲವಂತವಿಲ್ಲವೆಂದು ಹೇಳುವುದಾದರೂ ಹೇಗೆ?

ಇದೇ ಪ್ರಶ್ನೆ ದುಡಿಮೆಗೂ ಅನ್ವಯಿಸುತ್ತದೆ. ಆಕ್ಸ್‌ಫರ್ಡಿನ ಟಿ. ಎಚ್. ಗ್ರೀನ್ 1881ರ ಉಪನ್ಯಾಸವೊಂದರಲ್ಲಿ, ಅಡ್ಡಿ ಇಲ್ಲದಿರುವುದಷ್ಟೇ ಸ್ವಾತಂತ್ರ್ಯವಲ್ಲ, ಬಾಳನ್ನು ರೂಪಿಸಿಕೊಳ್ಳುವ ನಿಜವಾದ ಶಕ್ತಿಯೂ ಇರಬೇಕು ಎಂದು ವಿವರಿಸಿ, ಹಸಿದವನು ಮಾಡಿಕೊಂಡ ಕರಾರನ್ನು ಸ್ವತಂತ್ರ ಒಪ್ಪಂದವೆಂದು ಕರೆಯುವುದನ್ನು ಪ್ರಶ್ನಿಸಿದ್ದ. ಅಮೆರಿಕದಲ್ಲಿ ಇದು ಬರಿಯ ವಾದವಾಗಿ ಉಳಿಯಲಿಲ್ಲ. ನ್ಯೂಯಾರ್ಕ್ ನಗರದ ಅನೇಕ ಬೇಕರಿಗಳು ನೆಲಮಾಳಿಗೆಗಳಲ್ಲಿದ್ದು, ಒಲೆಯ ಝಳ ಮತ್ತು ಹಿಟ್ಟಿನ ದೂಳಿನ ನಡುವೆ ಕಾರ್ಮಿಕರು ಹಗಲೂ ರಾತ್ರಿ ಹಿಟ್ಟು ನಾದುತ್ತಿದ್ದ ಕಾಲದಲ್ಲಿ, 1895ರ ಕಾಯಿದೆಯೊಂದು ಅವರ ಕೆಲಸವನ್ನು ದಿನಕ್ಕೆ 10, ವಾರಕ್ಕೆ 60 ಗಂಟೆಗಳಿಗೆ ಮಿತಿಗೊಳಿಸಿತು. 1905ರ ಲಾಕ್ನರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ, ಕೆಲಸಗಾರನ ಮತ್ತು ಮಾಲೀಕನ ಒಪ್ಪಂದ ಸ್ವಾತಂತ್ರ್ಯಕ್ಕೆ ಇದು ಭಂಗವೆಂದು ಆ ಮಿತಿಯನ್ನು ರದ್ದುಗೊಳಿಸಿತು. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್, ಸಂವಿಧಾನದ 14ನೆಯ ತಿದ್ದುಪಡಿ ಸ್ಪೆನ್ಸರನ 'ಸೋಷಿಯಲ್ ಸ್ಟ್ಯಾಟಿಕ್ಸ್' ಅನ್ನು ಕಾನೂನಾಗಿ ಜಾರಿಗೆ ತಂದಿಲ್ಲವೆಂದು ಚುಚ್ಚಿದ.

ಪ್ರಭುತ್ವದ ಕೈ ಎಲ್ಲಿ ಚಾಚಿದರೂ ಅದನ್ನು ಗುರುತಿಸಬಲ್ಲ ಕಣ್ಣು ಸ್ಪೆನ್ಸರನಿಗಿತ್ತು. ಒಡೆತನದ ಕೈ ಅಷ್ಟೇ ಬಿಗಿಯಾಗಿ ಹಿಡಿದಾಗ ಅದು ಅವನಿಗೆ ಕಾಣಲಿಲ್ಲ, ಅಥವಾ ಒಮ್ಮೆ ಕಂಡದ್ದನ್ನು ಅವನು ಅಳಿಸಿಹಾಕಿದ. 1937ರಲ್ಲಿ ಅದೇ ಸುಪ್ರೀಂ ಕೋರ್ಟ್, ಸಂವಿಧಾನದಲ್ಲಿ ಒಪ್ಪಂದ ಸ್ವಾತಂತ್ರ್ಯದ ಪ್ರಸ್ತಾಪವೇ ಇಲ್ಲವೆಂದೂ, ಬದುಕಲು ಸಾಲದಷ್ಟು ಕೂಲಿ ಕೊಡುವ ಮಾಲೀಕರ ಕೊರತೆಯನ್ನು ಕೊನೆಗೆ ತುಂಬುವವರು ತೆರಿಗೆದಾರರೇ ಎಂದೂ ಹೇಳಿ, ವಾಷಿಂಗ್ಟನ್ ರಾಜ್ಯದ ಮಹಿಳೆಯರ ಕನಿಷ್ಠ ವೇತನ ಕಾಯಿದೆಯನ್ನು ಎತ್ತಿಹಿಡಿಯಿತು.