ನೀಲಿ ಟ್ರಂಕಿನ ಲೈಬ್ರರಿ

ರಸ್ತೆ ಸರಿಯಿಲ್ಲ.
ಕರೆಂಟು ಬಂದರೆ ಬಂತು.
ಅಂಥ ಊರಿಗೆ ವೈದ್ಯಕೀಯ ಲೈಬ್ರರಿ ತಲುಪೋದು ಹೇಗೆ?

ಟ್ರಂಕಿನಲ್ಲಿ!

ವಿಶ್ವ ಆರೋಗ್ಯ ಸಂಸ್ಥೆಯ ಜಿನೀವಾ ಲೈಬ್ರರಿ
ಆಫ್ರಿಕಾದ ಜಿಲ್ಲಾ ಆರೋಗ್ಯ ಕೇಂದ್ರಗಳಿಗಾಗಿ
ಒಂದು ನೀಲಿ ತಗಡಿನ ಪೆಟ್ಟಿಗೆ ರೂಪಿಸಿತು.
ಹೆಸರೇ ಬ್ಲೂ ಟ್ರಂಕ್ ಲೈಬ್ರರಿ.
ಒಳಗೆ 100ಕ್ಕೂ ಹೆಚ್ಚು ಪುಸ್ತಕ,
ವಿಷಯವಾರು ಜೋಡಿಸಿದ್ದು.

ಯಕ್ಷಗಾನ ಮೇಳದ ಪೆಟ್ಟಿಗೆ ಇಳಿಸಿದಲ್ಲೇ ವೇಷ ಕಟ್ಟುವ ಚೌಕಿ.
ಈ ಟ್ರಂಕು ತೆರೆದಲ್ಲೇ ಲೈಬ್ರರಿ!
ಬೀಗ ಹಾಕಿ ಜೋಪಾನ ಮಾಡಿದರೋ, ಬರೀ ಟ್ರಂಕು.

ಪುಸ್ತಕಗಳು ಇಂಗ್ಲಿಷ್, ಫ್ರೆಂಚ್, ಪೋರ್ಚುಗೀಸಿನವು.
ಊರಿನ ಮಾತು ಬೇರೆಯೇ.
ಹಾಗಾಗಿ ಮೊದಲ ಓದುಗರು ಅಲ್ಲಿನ ನರ್ಸು, ಆರೋಗ್ಯ ಕಾರ್ಯಕರ್ತರು.
ಅವರು ಓದಿದ್ದು, ಊರಿನ ಮಾತಾಗಿ ತಾಯಂದಿರ ಕಿವಿಗೆ ಬೀಳಬೇಕು.
ಅಸಲಿ ಕೆಲಸ ಇದೇ.

ಏನದು ಅಂಥ ಮಾತು?
ಮಗುವಿಗೆ ಭೇದಿ, ಓಆರ್‌ಎಸ್ ಪೊಟ್ಟಣ ಸಿಗಲಿಲ್ಲ ಅನ್ನಿ.
ಒಂದು ಲೀಟರ್ ಕುದಿಸಿ ಆರಿಸಿದ ನೀರು.
ಮಟ್ಟಸವಾಗಿ 6 ಟೀ ಚಮಚ ಸಕ್ಕರೆ.
ಉಪ್ಪು ಅರ್ಧ ಟೀ ಚಮಚ, ಹೆಚ್ಚು ಬೇಡ.
ಗುಟುಕು ಗುಟುಕಾಗಿ ಕುಡಿಸುತ್ತಾ ಆಸ್ಪತ್ರೆಗೆ ಹೊರಡೋದು.

ಅಂದ ಹಾಗೆ, ನಿಮ್ಮೂರಿನ ಗ್ರಂಥಾಲಯದಲ್ಲಿ
ಆರೋಗ್ಯದ ಪುಸ್ತಕ ಎಷ್ಟಿವೆ?
ಈ ವಾರ ಒಮ್ಮೆ ಹೋಗಿ ನೋಡಿ.