ಕಣ್ಣಿಗೆ ಎಷ್ಟು ಬಿಂದು ಬೇಕು?

ಕಳೆದ ವರ್ಷ ನಮ್ಮ ಕಾಲೇಜಿನ ಕನ್ನಡ ಸಂಘದಿಂದ ಒಂದು ಸ್ಮರಣ ಸಂಚಿಕೆ ಹೊರಬಂದಿತು. ಅದರ ಕರಡು ತಿದ್ದುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಕರಡು ಈಗ ಹಿಂದಿನಂತೆ ಒದ್ದೆ ಕಾಗದದ ಮೇಲೆ ಬರುವುದಿಲ್ಲ. ಗಣಕಯಂತ್ರದ ಪರದೆಯ ಮೇಲೆ ಬರುತ್ತದೆ. ಎರಡು ಸಲ ಆಮೂಲಾಗ್ರವಾಗಿ ಓದಿ, ತಿದ್ದಿ, ಒಪ್ಪಿಗೆ ಕೊಟ್ಟು ಅಚ್ಚಿಗೆ ಕಳುಹಿಸಿದೆ. ಮುದ್ರಿತ ಪ್ರತಿ ಕೈಸೇರಿದಾಗ ಕಡೆಯ ಪುಟದಲ್ಲಿ ‘ದನಸಹಾಯ ಮಾಡಿದ ಮಹನೀಯರಿಗೆ ಕೃತಜ್ಞತೆಗಳು’ ಎಂದು ದಪ್ಪಕ್ಷರದಲ್ಲಿತ್ತು. ಆ ಮಹನೀಯರಲ್ಲಿ ಒಬ್ಬರು ಹೈನುಗಾರಿಕೆ ನಡೆಸುವವರು. ಅವರು ನಕ್ಕು ಸುಮ್ಮನಾದರು. ಉಳಿದವರು ನಗಲಿಲ್ಲ.

ದಕಾರಕ್ಕೂ ಧಕಾರಕ್ಕೂ ಇರುವ ಭೇದ ಬುಡದಲ್ಲಿನ ಒಂದು ಸಣ್ಣ ಸೀಳು ಮಾತ್ರ. ಆ ಸೀಳು ಇಲ್ಲದಿರುವುದು ಪರದೆಯ ಮೇಲೆ ನನ್ನ ಗಮನಕ್ಕೆ ಬಂದಿರಲಿಲ್ಲ. ನಲವತ್ತು ದಾಟಿದ ಕಣ್ಣು, ಚಾಳೀಸು ಬದಲಾಯಿಸಬೇಕು ಎಂದು ನನ್ನ ಹೆಂಡತಿ ತೀರ್ಪು ಕೊಟ್ಟಳು. ಇಂಜಿನಿಯರಿಂಗ್ ಓದುತ್ತಿರುವ ಮಗನ ತೀರ್ಪು ಬೇರೆಯಾಗಿತ್ತು. “ಅಪ್ಪಾ, ತಪ್ಪು ನಿಮ್ಮ ಕಣ್ಣಿಂದಲ್ಲ, ಈ ಹಳೇ ಮಾನಿಟರಿಂದು. ಒಂದು ಫೋರ್‌ಕೆ ತರೋಣ. ಸಿನಿಮಾನೂ ಚೆನ್ನಾಗಿ ಕಾಣುತ್ತೆ” ಎಂದ. ಕಡೆಯ ವಾಕ್ಯದಲ್ಲಿ ಅವನ ಸ್ವಾರ್ಥ ಇಣುಕಿತೆಂಬುದು ನಿಜ. ಆದರೆ ಮೊದಲ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಅತಿಸೂಕ್ಷ್ಮ ಪರದೆ, ಅತಿಸೂಕ್ಷ್ಮ ಚಲಚ್ಚಿತ್ರ ಇವು ಸಾಧಾರಣ ಗೃಹಸ್ಥನ ಗಣಕಯಂತ್ರಕ್ಕೆ ನಿಜವಾಗಿಯೂ ಸಲ್ಲುವ ವಸ್ತುಗಳೇ, ಇಲ್ಲವೆ ಅಂಗಡಿಯವರ ಆಡಂಬರವೇ ಎಂಬ ಜಿಜ್ಞಾಸೆ ನನ್ನಲ್ಲಿ ಹುಟ್ಟಿದ್ದು ಹೀಗೆ.

ಮೊದಲು ಲೆಕ್ಕವನ್ನು ಮುಗಿಸಿಬಿಡೋಣ. ಪತ್ರಿಕೆಯಲ್ಲಿ ಅಚ್ಚಾದ ಛಾಯಾಚಿತ್ರವೊಂದನ್ನು ಭೂತಗನ್ನಡಿಯಿಂದ ನೋಡಿದರೆ ಮಸಿಯ ಚುಕ್ಕೆಗಳು ಕಾಣುತ್ತವೆ. ಪರದೆಯ ಚಿತ್ರವೂ ಹಾಗೆಯೇ. ಅಲ್ಲಿ ಮಸಿಯ ಬದಲು ಪಿಕ್ಸೆಲ್ ಎಂದು ಕರೆಯುವ ಬೆಳಕಿನ ಬಿಂದುಗಳಿರುತ್ತವೆ. ಬಹುಜನರ ಮನೆಯಲ್ಲಿರುವ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಬಿಂದುಗಳು. ಫೋರ್‌ಕೆಯಲ್ಲಿ 3840ಕ್ಕೆ 2160ರಂತೆ 82,94,400. ಎಯ್ಟ್‌ಕೆಯಲ್ಲಿ 3,31,77,600. ಕೆ ಎಂದರೆ ಸಾವಿರ. ನಾಲ್ಕು ಸಾವಿರಕ್ಕೆ ನೂರ ಅರವತ್ತು ಕಡಿಮೆಯಿದ್ದರೂ ವರ್ತಕರ ಲೆಕ್ಕದಲ್ಲಿ ಅದು ನಾಲ್ಕು ಸಾವಿರವೇ.

ಬಿಂದುಗಳು ಹೆಚ್ಚಿದಷ್ಟೂ ನೋಟ ಸ್ಫುಟವಾಗುತ್ತದೆಂದು ಭಾವಿಸುವುದು ಸಹಜ. ಆದರೆ ಕಣ್ಣಿಗೂ ಒಂದು ಮಿತಿಯುಂಟು. ಕಣ್ಣಿನ ವೈದ್ಯರ ಕೊಠಡಿಯ ಗೋಡೆಯ ಮೇಲೆ ಇಳಿಯುತ್ತ ಚಿಕ್ಕದಾಗುವ ಅಕ್ಷರಗಳ ಪಟ್ಟಿಯನ್ನು ಎಲ್ಲರೂ ನೋಡಿದ್ದೇವೆ. ಹಾಲೆಂಡಿನ ನೇತ್ರವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ಅದನ್ನು ರೂಪಿಸಿದನು. ‘ಆರಕ್ಕೆ ಆರು’ ದೃಷ್ಟಿಯೆಂದು ವೈದ್ಯರು ಬರೆದುಕೊಟ್ಟರೆ, ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಕೋನದ ವಿವರವನ್ನು ಆ ಕಣ್ಣು ಬಿಡಿಸಿ ನೋಡಬಲ್ಲದೆಂದು ಅರ್ಥ. ಸುಮಾರು ಮೂರೂವರೆ ಮೀಟರ್ ದೂರದಲ್ಲಿ ಒಂದು ಮಿಲಿಮೀಟರ್ ಅಂತರದ ಎರಡು ಗೆರೆಗಳನ್ನು ಎರಡೆಂದೇ ಗುರುತಿಸುವ ಶಕ್ತಿ ಅದು. ಇದಕ್ಕಿಂತ ತೀಕ್ಷ್ಣವಾದ ಕಣ್ಣುಗಳೂ ಇವೆ. ಸ್ಥೂಲವಾಗಿ ಈ ಅಳತೆ ಸಾಕು.

ಈ ಅಳತೆಗೋಲನ್ನು ಹಿಡಿದು ಮೊದಲು ನಡುಮನೆಗೆ ಹೋದೆ. ಅಲ್ಲಿ 55 ಅಂಗುಲದ ದೂರದರ್ಶನ ಪೆಟ್ಟಿಗೆಯಿದ್ದರೆ, ಫುಲ್ ಎಚ್‌ಡಿಯ ಒಂದೊಂದು ಬಿಂದುವಿನ ಅಗಲ ಸುಮಾರು 0.63 ಮಿಲಿಮೀಟರ್. ಎರಡು ಮೀಟರ್ ಇಪ್ಪತ್ತು ಸೆಂಟಿಮೀಟರ್, ಅಂದರೆ ಏಳು ಅಡಿಗಿಂತ ಸ್ವಲ್ಪ ಆಚೆ ಕುಳಿತರೆ, ಆ ಬಿಂದುಗಳನ್ನೇ ನಮ್ಮ ಕಣ್ಣು ಬಿಡಿಸಿ ನೋಡಲಾರದು. ನಮ್ಮ ಮನೆಯ ಸೋಫಾ ಒಂಬತ್ತು ಅಡಿ ದೂರದಲ್ಲಿದೆ. ಅಲ್ಲಿ ಕುಳಿತವರಿಗೆ ಫೋರ್‌ಕೆಯ ಹೆಚ್ಚುವರಿ ಅರವತ್ತೆರಡು ಲಕ್ಷ ಬಿಂದುಗಳು ಇದ್ದರೂ ಒಂದೇ, ಬಿಟ್ಟರೂ ಒಂದೇ. ಹೊಸ ಪೆಟ್ಟಿಗೆ ತಂದವರು “ಎಷ್ಟು ಚೆನ್ನಾಗಿ ಕಾಣುತ್ತದೆ!” ಎಂದು ಉದ್ಗರಿಸುವುದು ಸುಳ್ಳಲ್ಲ. ಆದರೆ ಆ ಚೆಲುವಿನ ಬಹುಭಾಗ ಬಣ್ಣದ ವಿಸ್ತಾರ, ಬೆಳಕು ನೆರಳುಗಳ ಅಂತರ ಹೆಚ್ಚಿದ್ದರಿಂದ ಬಂದದ್ದು. ಈ ಗುಣಗಳನ್ನೂ ಬಿಂದುಗಳನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರುವುದರಿಂದ ಕೀರ್ತಿಯೆಲ್ಲ ಬಿಂದುಗಳಿಗೆ ಹೋಗಿದೆ.

ಅನಂತರ ಓದುವ ಮೇಜಿಗೆ ಬಂದೆ. ಇಲ್ಲಿ ಸಂಗತಿ ತಲೆಕೆಳಗಾಯಿತು. ಗಣಕಯಂತ್ರದ ಮುಂದೆ ನಾವು ಕೂರುವುದು ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು, ಐವತ್ತೈದು ಅರವತ್ತು ಸೆಂಟಿಮೀಟರ್ ದೂರದಲ್ಲಿ. 27 ಅಂಗುಲದ ಫುಲ್ ಎಚ್‌ಡಿ ಪರದೆಯ ಬಿಂದು 0.31 ಮಿಲಿಮೀಟರ್, ಒಂದು ಮೀಟರ್ ದೂರದಿಂದಲೂ ಅದನ್ನು ಗುರುತಿಸಬಹುದು. ಎಂದರೆ ನಾವು ನಿತ್ಯವೂ ಬಿಂದುಗಳನ್ನೇ ನೋಡುತ್ತಿದ್ದೇವೆ, ಅವು ಕೂಡಿ ಆದ ಅಕ್ಷರವನ್ನು ಊಹಿಸುತ್ತಿದ್ದೇವೆ. ಅದೇ ಅಳತೆಯ ಫೋರ್‌ಕೆ ಪರದೆಯಲ್ಲಿ ಬಿಂದು 0.156 ಮಿಲಿಮೀಟರಿಗೆ ಇಳಿಯುತ್ತದೆ. ಅದನ್ನು ಬಿಡಿಸಿ ನೋಡಬಲ್ಲ ಮಿತಿ 53 ಸೆಂಟಿಮೀಟರ್. ನಾವು ಕುಳಿತ ದೂರಕ್ಕೆ ಹೆಚ್ಚುಕಡಿಮೆ ಅಳೆದು ಹೊಲಿಸಿದಂತೆ. ಇನ್ನು ಎಯ್ಟ್‌ಕೆ. 2017ರಲ್ಲಿಯೇ ಡೆಲ್ ಸಂಸ್ಥೆ ಸುಮಾರು 32 ಅಂಗುಲದ ಅಂಥ ಮಾನಿಟರೊಂದನ್ನು ಮಾರಾಟಕ್ಕೆ ತಂದಿತು. ಅದಕ್ಕೆ ಪೂರ್ಣವೇಗದಲ್ಲಿ ಚಿತ್ರವುಣಿಸಲು ಒಂದು ತಂತಿ ಸಾಲದೆ ಎರಡು ಬೇಕಾದವು. ಅದರ ಬಿಂದುಗಳ ಪೂರ್ಣ ಪ್ರಯೋಜನ ಪಡೆಯಬೇಕಾದರೆ ಮುಖವನ್ನು ಒಂದಡಿಯಷ್ಟು ಹತ್ತಿರಕ್ಕೆ ಒಯ್ಯಬೇಕು. ಅಷ್ಟು ಹತ್ತಿರದ್ದು ಕಾಣುವುದಿಲ್ಲವೆಂದೇ ಅಲ್ಲವೆ ನನ್ನಂಥವರು ಚಾಳೀಸು ಹಾಕುವುದು!

ಸಿನಿಮಾಕ್ಕೆಂದು ಹೊಗಳಿಸಿಕೊಳ್ಳುವ ಸೂಕ್ಷ್ಮ ಪರದೆಯ ನಿಜವಾದ ಫಲಾನುಭವಿ ಅಕ್ಷರ ಎಂಬುದು ಇಲ್ಲಿ ನನಗೆ ಮನವರಿಕೆಯಾಯಿತು. ಅದರಲ್ಲಿಯೂ ಕನ್ನಡದ ಅಕ್ಷರ. ರೋಮನ್ ಲಿಪಿಯ ಅಕ್ಷರಗಳು ಒಂದೇ ಸಾಲಿನಲ್ಲಿ ಶಿಸ್ತಿನ ಸಿಪಾಯಿಗಳಂತೆ ನಿಲ್ಲುತ್ತವೆ. ನಮ್ಮವು ಕುಟುಂಬಸ್ಥ ಅಕ್ಷರಗಳು. ತಲೆಯ ಮೇಲೆ ಗುಡಿಸು, ಬಲಕ್ಕೆ ದೀರ್ಘ, ಕೊಂಬು, ಕೆಳಗೆ ಒತ್ತು. ‘ರಾಷ್ಟ್ರ’, ‘ಸ್ತ್ರೀ’ ಎಂಬಲ್ಲಿ ಒತ್ತಿನ ಬಳಿಗೆ ಇನ್ನೊಂದು ಒತ್ತು. 27 ಅಂಗುಲದ ಹಳೆಯ ಪರದೆಯಲ್ಲಿ 11 ಪಾಯಿಂಟ್ ಅಳತೆಯ ಅಕ್ಷರಕ್ಕೆ ಮೇಲಿಂದ ಕೆಳಕ್ಕೆ ಸಿಗುವುದು ಹನ್ನೆರಡು ಹದಿಮೂರು ಬಿಂದುಗಳು. ಇಡೀ ಸಂಸಾರ ಅಷ್ಟರಲ್ಲೇ ಅಡಕವಾಗಬೇಕು. ಒತ್ತಿನ ಪಾಲಿಗೆ ಮೂರೋ ನಾಲ್ಕೋ ಬಿಂದುಗಳು ಬಂದರೆ ಹೆಚ್ಚು. ಅಷ್ಟರಲ್ಲಿ ಮಹಾಪ್ರಾಣದ ಸೀಳು ಎಲ್ಲಿ ನಿಲ್ಲಬೇಕು? ಅದು ಬೂದುಬಣ್ಣದ ಒಂದು ಕಲೆಯಾಗಿ ಉಳಿಯುತ್ತದೆ. ಬ ಮತ್ತು ಭ, ಡ ಮತ್ತು ಢ, ದ ಮತ್ತು ಧ ಸಮೀಪದ ನೆಂಟರಾಗಿಬಿಡುತ್ತವೆ. ಪದದ ಪರಿಚಯವಿದ್ದವನು ಸಂದರ್ಭದ ಬಲದಿಂದ ಓದಿಕೊಂಡು ಹೋಗುತ್ತಾನೆ. ಕರಡು ತಿದ್ದುವವನಿಗೆ ಈ ಬಲವೇ ಶತ್ರು. ಇರಬೇಕಾದದ್ದನ್ನು ಅವನು ಓದುತ್ತಾನೆ, ಇರುವುದನ್ನಲ್ಲ.

ಫೋರ್‌ಕೆಯಲ್ಲಿ ಅದೇ ಅಕ್ಷರಕ್ಕೆ ಇಪ್ಪತ್ತೈದು ಬಿಂದುಗಳು ದೊರೆಯುತ್ತವೆ. ಅಂಗುಲಕ್ಕೆ 600 ಚುಕ್ಕೆಯಿಡುವ ಸಾಧಾರಣ ಲೇಸರ್ ಮುದ್ರಣಯಂತ್ರ ತೊಂಬತ್ತಕ್ಕೂ ಹೆಚ್ಚು ಕೊಡುತ್ತದೆಂಬುದನ್ನು ನೆನೆದರೆ ಇದೇನೂ ಐಶ್ವರ್ಯವಲ್ಲ. ಆದರೂ ದಾರಿದ್ರ್ಯ ಕಳೆದಂತೆ.

ಇನ್ನು ಮಗನ ಪಕ್ಷವನ್ನೂ ವಿಚಾರಿಸಬೇಕು. ಎರಡು ಗಂಟೆಯ ಚಲನಚಿತ್ರವೊಂದರಲ್ಲಿ ಸೆಕೆಂಡಿಗೆ 24 ಚಿತ್ರಗಳು. ಫೋರ್‌ಕೆಯ ಪ್ರತಿಯೊಂದು ಬಿಂದುವಿಗೂ ಮೂರು ಬೈಟುಗಳನ್ನು ಕೊಟ್ಟು ಇದ್ದುದನ್ನು ಇದ್ದಂತೆ ಬರೆದಿಟ್ಟರೆ ಅದು 4,300 ಜಿಬಿಯಷ್ಟಾಗುತ್ತದೆ. ಅಂತರ್ಜಾಲದಲ್ಲಿ ಬರುವ ಫೋರ್‌ಕೆ ಚಿತ್ರ ಸೆಕೆಂಡಿಗೆ 15 ಮೆಗಾಬಿಟ್ ವೇಗದ್ದಾದರೆ, ಅದೇ ಎರಡು ಗಂಟೆಗೆ ಹದಿಮೂರೂವರೆ ಜಿಬಿ ಸಾಕು. ಮುನ್ನೂರರಲ್ಲಿ ಒಂದು ಪಾಲು! ಈ ಚಮತ್ಕಾರ ಸಾಧ್ಯವಾದದ್ದು ಸಂಕೋಚನ ವಿದ್ಯೆಯಿಂದ. ಹಿಂದಿನ ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದುಕೊಳ್ಳುವುದು ಅದರ ಮೂಲತತ್ತ್ವ. ಹಿನ್ನೆಲೆ ಅಲುಗದೆ ನಿಂತು ಪಾತ್ರಧಾರಿ ಮಾತ್ರ ಕೈಯೆತ್ತಿದರೆ ಕೈಯ ಸುದ್ದಿ ಮಾತ್ರ ಸಾಕು. ಮಳೆಗಾಲದ ಜೋಗವನ್ನು ತೋರಿಸಹೊರಟರೆ ಯಾವುದೂ ನಿಂತಲ್ಲಿ ನಿಲ್ಲದು. ಆಗ ವಿದ್ಯೆ ಬಳಲುತ್ತದೆ, ನೀರು ಚೌಕ ಚೌಕವಾಗಿ ಒಡೆಯುತ್ತದೆ.

ಇದು ನಮ್ಮ ಸೂತ್ರ ಸಾಹಿತ್ಯದ ರೀತಿಯದೇ ಎನಿಸುತ್ತದೆ. ಸೂತ್ರ ಚಿಕ್ಕದಾದಷ್ಟೂ ವ್ಯಾಖ್ಯಾನಕಾರ ಪಂಡಿತನಾಗಿರಬೇಕು. 2003ರ ಎಚ್.264 ಎಂಬ ವಿಧಾನಕ್ಕಿಂತ 2013ರ ಎಚ್‌ಇವಿಸಿ ಸುಮಾರು ಅರ್ಧದಷ್ಟರಲ್ಲಿ ಅದೇ ಗುಣದ ಚಿತ್ರವನ್ನು ಅಡಗಿಸುತ್ತದೆ. ಬಿಡಿಸುವ ಕಷ್ಟ ಅಷ್ಟೇ ಹೆಚ್ಚು. ಆರಂಭದಲ್ಲಿ ಮನೆಯ ಗಣಕಯಂತ್ರಗಳು ಇದನ್ನು ತಮ್ಮ ಸಾಮಾನ್ಯ ಬುದ್ಧಿಯಿಂದ ಬಿಡಿಸಲು ಹೋಗಿ, ಫ್ಯಾನು ಭೋರ್ಗರೆದು, ಚಿತ್ರ ತಡವರಿಸುತ್ತಿತ್ತು. ಈ ಒಂದೇ ಕೆಲಸಕ್ಕೆ ಮೀಸಲಾದ ಮಂಡಲವನ್ನು ಚಿಪ್ಪಿನಲ್ಲಿಯೇ ಕೂಡಿಸತೊಡಗಿದ ಮೇಲೆ, ಅದರಲ್ಲಿಯೂ 2016-17ರ ಇಂಟೆಲ್ ಚಿಪ್ಪುಗಳಿಂದೀಚೆಗೆ, ಸಾಧಾರಣ ಲ್ಯಾಪ್‌ಟಾಪು ಕೂಡ ಫೋರ್‌ಕೆಯನ್ನು ಸದ್ದಿಲ್ಲದೆ ತೋರಿಸುತ್ತದೆ. 2018ರಲ್ಲಿ ಬಂದ, ಪರವಾನಗಿ ಶುಲ್ಕವಿಲ್ಲದ ಎವಿ1 ವಿಧಾನವನ್ನೂ ಬಿಡಿಸಬಲ್ಲ ಚಿಪ್ಪುಗಳು 2020ರಿಂದ ಬರತೊಡಗಿವೆ. ಆದ್ದರಿಂದ ‘ಆಗುತ್ತದೆಯೆ’ ಎಂಬ ಪ್ರಶ್ನೆ ಮುಗಿದಿದೆ.

ಆದರೆ ಯಂತ್ರಕ್ಕೆ ಶಕ್ತಿಯಿದ್ದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ. ಕಳ್ಳಪ್ರತಿಗೆ ಹೆದರಿದ ಚಿತ್ರೋದ್ಯಮ ಬೀಗದ ಮೇಲೆ ಬೀಗ ಜಡಿದಿದೆ. ನೆಟ್‌ಫ್ಲಿಕ್ಸ್ 2016ರ ನವೆಂಬರಿನಲ್ಲಿ ಮನೆಯ ಗಣಕಯಂತ್ರಕ್ಕೆ ಫೋರ್‌ಕೆ ಕೊಟ್ಟಾಗ, ಒಂದೇ ಒಂದು ಬ್ರೌಸರಿಗೆ, ಇಂಟೆಲ್ಲಿನ ಏಳನೆಯ ತಲೆಮಾರಿನ ಚಿಪ್ಪಿಗೆ ಮಾತ್ರ ಕೊಟ್ಟಿತು. ಫೋರ್‌ಕೆ ಬ್ಲೂ-ರೇ ತಟ್ಟೆಯ ಕಥೆ ಇನ್ನೂ ವಿಚಿತ್ರ. ಅದನ್ನು ಗಣಕಯಂತ್ರದಲ್ಲಿ ನ್ಯಾಯಮಾರ್ಗವಾಗಿ ನೋಡಲು ಇಂಟೆಲ್ ಚಿಪ್ಪಿನ ಎಸ್‌ಜಿಎಕ್ಸ್ ಎಂಬ ರಕ್ಷಾಕವಚ ಬೇಕಾಗಿತ್ತು. 2021ರಿಂದ ಬಂದ ಹೊಸ ಗೃಹಬಳಕೆಯ ಚಿಪ್ಪುಗಳಲ್ಲಿ ಇಂಟೆಲ್ ಆ ಕವಚವನ್ನೇ ಕೈಬಿಟ್ಟಿತು. ಹಳೆಯ ಯಂತ್ರ ತೋರಿಸುತ್ತಿದ್ದ ತಟ್ಟೆಯನ್ನು ಹೊಸ ಯಂತ್ರ ತೋರಿಸದು! ಹಣ ಕೊಟ್ಟು ತಟ್ಟೆ ಕೊಂಡವನು ಇದಕ್ಕೆ ಏನೆನ್ನಬೇಕು?

ಅಂತರ್ಜಾಲದ ವೆಚ್ಚವೂ ಇದೆ. ಮನೆಗೆ ಫೈಬರ್ ತಂತಿ ಬಂದವರಿಗೆ ತೊಂದರೆಯಿಲ್ಲ. ದಿನಕ್ಕೆ 2 ಜಿಬಿಯ ಮೊಬೈಲ್ ಯೋಜನೆಯನ್ನೇ ನೆಚ್ಚಿಕೊಂಡ ನನ್ನ ವಿದ್ಯಾರ್ಥಿಗಳು ಫೋರ್‌ಕೆ ಚಿತ್ರ ಹಾಕಿದರೆ ಹದಿನೆಂಟನೆಯ ನಿಮಿಷದೊಳಗೆ ಅಂದಿನ ಪಡಿ ಮುಗಿಯುತ್ತದೆ. ಎಯ್ಟ್‌ಕೆಯ ಮಾತೇ ಬೇಡ. ಜಪಾನಿನ ಎನ್‌ಎಚ್‌ಕೆ ಪ್ರಸಾರ ಸಂಸ್ಥೆ ಅದನ್ನು 2005ರ ಐಚಿ ವಸ್ತುಪ್ರದರ್ಶನದಲ್ಲಿ ಬೃಹತ್ ಪರದೆಯ ಮೇಲೆ ತೋರಿಸಿತು. 2018ರ ಡಿಸೆಂಬರ್ 1ರಂದು ಅದಕ್ಕೆಂದೇ ಉಪಗ್ರಹ ವಾಹಿನಿಯನ್ನು ಆರಂಭಿಸಿತು. ಗೋಡೆಯಷ್ಟು ದೊಡ್ಡ ಪರದೆಯ ಮುಂದೆ ಅದಕ್ಕೆ ಅರ್ಥವುಂಟು. ಮೇಜಿನ ಮೇಲೆ ಇಲ್ಲ.

ಕಡೆಗೆ ನಾವು 27 ಅಂಗುಲದ ಫೋರ್‌ಕೆ ಮಾನಿಟರನ್ನು ತಂದೆವು. ಸಾಧಾರಣ ಮೊಬೈಲ್ ಫೋನಿನ ಬೆಲೆಗೆ ದೊರೆಯಿತು. ಮನೆಗೆ ತಂದು ಜೋಡಿಸಿದ ದಿನ ಅಕ್ಷರವೇನೋ ಸ್ಫುಟವಾಗಿತ್ತು. ಬಾಣದ ಗುರುತು ಮಾತ್ರ ಕೆಸರಿನಲ್ಲಿ ನಡೆದಂತೆ ಎಳೆದೆಳೆದು ಸಾಗುತ್ತಿತ್ತು. ಅಂಗಡಿಯವನು “ಹೊಸದರಲ್ಲಿ ಹಾಗೇ ಇರುತ್ತೆ ಸಾರ್” ಎಂದ. ಹಾಗಿರಲಿಲ್ಲ. ನಮ್ಮ ಹಳೆಯ ಗಣಕಯಂತ್ರದ ಎಚ್‌ಡಿಎಂಐ ಕಿಂಡಿ 2009ರ 1.4ನೆಯ ಆವೃತ್ತಿಯದು. ಅದು ಫೋರ್‌ಕೆಯನ್ನು ಸೆಕೆಂಡಿಗೆ ಮೂವತ್ತು ಸಲ ಮಾತ್ರ ಕಳುಹಿಸಬಲ್ಲದು. ಅರವತ್ತು ಸಲ ಬೇಕಾದರೆ 2013ರ 2.0 ಆವೃತ್ತಿಯಾದರೂ ಇರಬೇಕು. ಇದನ್ನು ಮಗ ಎರಡು ದಿನ ಹುಡುಕಿ ಕಂಡುಕೊಂಡ. ಅದೇ ಯಂತ್ರದ ಹಿಂದುಗಡೆ ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಕಿಂಡಿಯಿತ್ತು. ಅದಕ್ಕೆ ತಕ್ಕ ತಂತಿ ತಂದ ಮೇಲೆ ಬಾಣಕ್ಕೆ ಕಾಲು ಬಂದಿತು. ಕೊಳ್ಳಹೊರಟವರು ಪರದೆಯ ಜೊತೆಗೆ ಕಿಂಡಿಯನ್ನೂ ತಂತಿಯನ್ನೂ ವಿಚಾರಿಸುವುದು ಒಳಿತು. ಇನ್ನೊಂದು ತೊಡಕಿನ್ನೂ ಬಗೆಹರಿದಿಲ್ಲ. ಹೊಸ ತಂತ್ರಾಂಶಗಳು ಅಕ್ಷರವನ್ನು ಒಂದೂವರೆ ಪಟ್ಟು ಹಿಗ್ಗಿಸಿ ತೋರಿಸಬಲ್ಲವು. ನಾನು ಇಪ್ಪತ್ತು ವರ್ಷದಿಂದ ಬಳಸುತ್ತಿರುವ ಹಳೆಯ ಕನ್ನಡ ಬೆರಳಚ್ಚಿನ ತಂತ್ರಾಂಶಕ್ಕೆ ಆ ವಿದ್ಯೆ ತಿಳಿಯದು; ಅದರ ಪಟ್ಟಿಗಳು ಸಾಸಿವೆಯಂತೆ ಕಾಣುತ್ತವೆ. ಯೂನಿಕೋಡಿಗೆ ಬರಲು ನಾನು ಮಾಡುತ್ತಿದ್ದ ಸೋಮಾರಿತನಕ್ಕೆ ಇದು ತಕ್ಕ ಶಾಸ್ತಿ ಎಂದು ಮಗ ಹೇಳುತ್ತಾನೆ.

ಮೊನ್ನೆ ಸ್ನೇಹಿತರೊಬ್ಬರು ತಾಳೆಯೋಲೆಯ ಕಟ್ಟೊಂದರ ಚಿತ್ರಗಳನ್ನು ಕಳುಹಿಸಿದ್ದರು. ಲೋಹದ ಕಂಠದಿಂದ ಕೊರೆದು ಮಸಿ ತುಂಬಿದ, ಕೂದಲೆಳೆಯಂಥ ಅಕ್ಷರಗಳು. ಹಳೆಯ ಪರದೆಯಲ್ಲಿ ಇಂಥವನ್ನು ಅಂಗುಲ ಅಂಗುಲವಾಗಿ ಹಿಗ್ಗಿಸಿ ಓದುತ್ತ, ಸಾಲು ತಪ್ಪಿ, ಮತ್ತೆ ಮೊದಲಿಗೆ ಹೋಗುತ್ತಿದ್ದೆ. ನಲವತ್ತು ಸೆಂಟಿಮೀಟರ್ ಉದ್ದದ ಗರಿಯನ್ನು ಅಂಗುಲಕ್ಕೆ 600 ಚುಕ್ಕೆಯಂತೆ ಚಿತ್ರಿಸಿದರೆ ಅಡ್ಡಕ್ಕೆ ಒಂಬತ್ತು ಸಾವಿರದ ನಾನೂರಕ್ಕೂ ಮೇಲ್ಪಟ್ಟು ಬಿಂದುಗಳಾಗುತ್ತವೆ. ನನ್ನ ಪರದೆಯ 3840 ಅದಕ್ಕೆ ಸಾಲದು; ಎಯ್ಟ್‌ಕೆಯ 7680 ಕೂಡ ಸಾಲದು. ಒಂದು ಗರಿಯನ್ನು ಈಗ ಮೂರು ಸಲ ಸರಿಸಿ ಓದುತ್ತೇನೆ. ಹಿಂದೆ ಐದು ಸಲ ಸರಿಸಬೇಕಾಗಿತ್ತು. ರಾತ್ರಿ ಒಂಬತ್ತರವರೆಗೆ ಪರದೆ ನನ್ನದು, ಅನಂತರ ಸಿನಿಮಾಕ್ಕೆ ಮಗನದು ಎಂದು ನಮ್ಮಲ್ಲಿ ಒಪ್ಪಂದವಾಗಿದೆ. ಅವನು ಇತ್ತೀಚೆಗೆ ಫುಲ್ ಎಚ್‌ಡಿಯಲ್ಲಿಯೇ ನೋಡುತ್ತಿರುವುದನ್ನು ಕಂಡೆ, ಕೇಳಲು ಹೋಗಲಿಲ್ಲ.